ಒಣಗಿದ ಮೇಲೆ ಘಮಿಸುವ ಹುಲ್ಲು

ಇಂಗ್ಲೆಂಡಿನ ಹಳ್ಳಿಗಳಲ್ಲಿ ಹುಲ್ಲು ಕೊಯ್ಲು ಜೂನ್ ಕೊನೆಗೋ ಜುಲೈಗೋ ಬರುತ್ತದೆ. ಕೊಯ್ದ ಹುಲ್ಲನ್ನು ಒಡನೆ ಹೊರೆ ಕಟ್ಟುವುದಿಲ್ಲ. ಬಯಲಲ್ಲೇ ಹರವಿ, ಮಗುಚಿ, ಮಳೆ ಬಾರದಿರಲಿ ಎಂದು ಆಕಾಶ ನೋಡುತ್ತ ಎರಡು ಮೂರು ದಿನ ಬಿಸಿಲಿಗೆ ಬಿಡುತ್ತಾರೆ. ಆಗ ಅಲ್ಲಿ ಹಾದುಹೋಗುವವರ ಮೂಗಿಗೆ ವೆನಿಲ್ಲಾ ಮತ್ತು ಬಾದಾಮಿಯನ್ನು ಬೆರೆಸಿದಂಥ ಒಂದು ಸಿಹಿ ಕಂಪು ತಾಗುತ್ತದೆ. ಹಳೆಯ ಹುಲ್ಲುಗಾವಲುಗಳಲ್ಲಿ ಈ ಕಂಪಿನ ದೊಡ್ಡ ಪಾಲು ಬರುವುದು ಒಂದೇ ಜಾತಿಯ ಹುಲ್ಲಿನಿಂದ. ಅದು ಸ್ವೀಟ್ ವರ್ನಲ್ ಗ್ರಾಸ್. 1753ರಲ್ಲಿ ಲಿನೇಯಸ್ ಇಟ್ಟ ಶಾಸ್ತ್ರೀಯ ಹೆಸರು ಆಂಥೊಕ್ಸಾಂಥಮ್ ಒಡೊರಾಟಮ್. ನಮಗೆ ವರ್ನಲ್ ಹುಲ್ಲು ಎಂದರೆ ಸಾಕು.

ನಮ್ಮ ಕಡೆಯ ಬಣವೆಗೂ ಅವರ ಬಣವೆಗೂ ಒಂದು ವ್ಯತ್ಯಾಸವಿದೆ. ನಾವು ಒಟ್ಟುವುದು ಬಹುಮಟ್ಟಿಗೆ ಭತ್ತವನ್ನೋ ರಾಗಿಯನ್ನೋ ಬಡಿದುಕೊಂಡ ಮೇಲೆ ಉಳಿಯುವ ಹುಲ್ಲನ್ನು. ಕಾಳಿಗೆ ಹೋಗಬೇಕಾದ ಸತ್ವವೆಲ್ಲ ಹೋಗಿ ಉಳಿದ ಒಣಕಡ್ಡಿ ಅದು. ಅವರು ಕೊಯ್ಯುವುದು ಇನ್ನೂ ಹಸಿರಾಗಿರುವ, ಹೂ ಬಿಟ್ಟ ಹುಲ್ಲನ್ನು. ಅದರ ಎಲೆಯಲ್ಲಿ ಸಕ್ಕರೆಯೂ ಸಾರವೂ ಇರುವಾಗಲೇ ಒಣಗಿಸಿ, ಹಿಮ ಬೀಳುವ ತಿಂಗಳುಗಳಿಗೆ ಕೂಡಿಡುತ್ತಾರೆ. ಆ ಎಲೆಯೊಳಗೆ ಏನಿದೆ ಎಂಬುದೇ ಈ ಲೇಖನದ ವಿಷಯ.

ವರ್ನಲ್ ಹುಲ್ಲು ಎತ್ತರದಲ್ಲಿ ಮೊಣಕಾಲು ದಾಟುವುದು ಅಪರೂಪ. ಬುಡ ವರ್ಷದಿಂದ ವರ್ಷಕ್ಕೆ ಉಳಿದು ಮತ್ತೆ ಚಿಗುರುತ್ತದೆ. ಗೊಬ್ಬರ ಕಾಣದ ಬಡ ನೆಲವೆಂದರೆ ಅದಕ್ಕೆ ಇಷ್ಟ. ಉಳಿದ ಹುಲ್ಲುಗಳು ಇನ್ನೂ ಎಲೆ ಬಿಡುತ್ತಿರುವಾಗ, ಏಪ್ರಿಲ್‌ನಲ್ಲೇ, ಇದು ತೆನೆ ಹೊರಡಿಸಿಬಿಡುತ್ತದೆ. ಆ ತೆನೆಯ ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ ಎರಡೇ ಕೇಸರಗಳು ಕಾಣುತ್ತವೆ. ರಾಗಿಯ ಹೂವಿನಲ್ಲಿ ಮೂರು, ಬಹುಪಾಲು ಹುಲ್ಲುಗಳಲ್ಲೂ ಮೂರೇ. ಭತ್ತದ ಹೂವಿನಲ್ಲಿ ಆರು. ಎರಡು ಕೇಸರದ ಹುಲ್ಲು ಅಪರೂಪವಾದ್ದರಿಂದ ಸಸ್ಯಶಾಸ್ತ್ರದ ವಿದ್ಯಾರ್ಥಿಗೆ ಇದು ಒಳ್ಳೆಯ ಗುರುತು. ಹೂವಿನಲ್ಲಿ ಮೊದಲು ಹೊರಬರುವುದು ಶಲಾಕಾಗ್ರ, ಕೇಸರ ಬರುವುದು ಆಮೇಲೆ. ತನ್ನ ಪರಾಗ ತನಗೇ ಬೀಳದಂತೆ ಹೂವು ಮಾಡಿಕೊಂಡ ಏರ್ಪಾಡು ಇದು.

ಇದನ್ನು ಮನುಷ್ಯ ತಿನ್ನಬಹುದೇ? ಹೊಟ್ಟೆಯ ಲೆಕ್ಕ ಹಾಕಿದರೆ ಉತ್ತರ ನಿರಾಶೆಯದು. ಹುಲ್ಲಿನ ಎಲೆಯ ಸೆಲ್ಯುಲೋಸನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ಹಸುವಿಗೂ ಇಲ್ಲ, ಆದರೆ ಆ ಕೆಲಸ ಮಾಡುವ ಸೂಕ್ಷ್ಮಜೀವಿಗಳನ್ನು ಅದು ಹೊಟ್ಟೆಯಲ್ಲೇ ಸಾಕಿಕೊಂಡಿದೆ. ನಮ್ಮ ಪಾಲಿಗೆ ಹುಲ್ಲೆಂದರೆ ಕಾಳು ಮಾತ್ರ: ಅಕ್ಕಿ, ರಾಗಿ, ಜೋಳ, ಗೋಧಿ, ನವಣೆ ಎಲ್ಲವೂ ಹುಲ್ಲಿನ ಕಾಳುಗಳೇ. ವರ್ನಲ್ ಹುಲ್ಲಿಗೂ ಕಾಳಿದೆ, ಆದರೆ ಸಾವಿರ ಕಾಳು ಎಣಿಸಿಟ್ಟರೂ ಒಂದು ಗ್ರಾಂ ತೂಗದು. ಸಿಪ್ಪೆಗೆ ಕೂದಲು, ಮುಳ್ಳಿನಂಥ ಬಾಲ ಬೇರೆ. ಆ ಬಾಲ ತೇವಕ್ಕೆ ಬಿಚ್ಚಿಕೊಂಡು ಒಣಗಿದಾಗ ಸುರುಳಿಯಾಗುತ್ತ ಬೀಜವನ್ನು ಮಣ್ಣಿನೊಳಕ್ಕೆ ನೂಕುತ್ತದೆ. ಬೀಜಕ್ಕೆ ಅನುಕೂಲ, ಬೀಸುವವರಿಗೆ ತಲೆನೋವು.

ಕಾಡುಹುಲ್ಲಿನ ಕಾಳನ್ನು ಯುರೋಪಿನವರು ತಿಂದೇ ಇಲ್ಲವೆಂದಲ್ಲ. ಪೋಲೆಂಡಿನ ಜೌಗು ಬಯಲುಗಳಲ್ಲಿ ಗ್ಲಿಸೀರಿಯಾ ಫ್ಲುಯಿಟಾನ್ಸ್ ಎಂಬ ನೀರುಹುಲ್ಲು ಬೆಳೆಯುತ್ತದೆ. ಹಿಂದೆ ಅಲ್ಲಿನ ರೈತರು ಇಬ್ಬನಿ ಆರುವ ಮೊದಲೇ ನೀರಿಗಿಳಿದು, ಜರಡಿಯನ್ನು ತೆನೆಗಳ ಮೇಲೆ ಬೀಸಿ ಅದರ ಕಾಳು ಉದುರಿಸಿಕೊಳ್ಳುತ್ತಿದ್ದರು. ಹೊಟ್ಟು ಕುಟ್ಟಿ ತೆಗೆದು ಹಾಲಲ್ಲಿ ಬೇಯಿಸಿ ಗಂಜಿ ಮಾಡುವುದು ವಾಡಿಕೆ. ಬಡವರ ಕೂಳು ಎನ್ನುವ ಹಾಗೂ ಇಲ್ಲ. ಅದು ಶ್ರೀಮಂತರ ಮೇಜಿಗೂ ಹೋಯಿತು, ಬಾಲ್ಟಿಕ್ ಬಂದರುಗಳಿಂದ ಹೊರದೇಶಕ್ಕೂ ರವಾನೆಯಾಯಿತು. ಜೌಗು ಬಸಿದು ಹೊಲ ಮಾಡಿದ ಮೇಲೆ ಆ ರೂಢಿ ಕಣ್ಮರೆಯಾಯಿತು. ವರ್ನಲ್ ಹುಲ್ಲಿಗೆ ಅಂಥ ಭಾಗ್ಯ ಎಂದೂ ಬರಲಿಲ್ಲ. ಅದು ಅಡುಗೆಮನೆಗೆ ಬಂದದ್ದು ಧಾನ್ಯವಾಗಿ ಅಲ್ಲ, ಸಂಬಾರದ ಹಾಗೆ.

ಆ ಸಂಬಾರಗುಣ ಹಸಿ ಎಲೆಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಹುಲ್ಲುಹಾಸು ಕತ್ತರಿಸಿದಾಗ ಮೂಗಿಗೆ ಬಡಿಯುವ ಹಸಿರು ವಾಸನೆ ಬೇರೆ. ಎಲೆಯ ಕೊಬ್ಬು ಒಡೆದು ಹುಟ್ಟುವ ಹೆಕ್ಸೆನಾಲ್ ಜಾತಿಯ ಅಣುಗಳದು ಅದು, ಕೆಲ ಹೊತ್ತಿನಲ್ಲೇ ಹಾರಿಹೋಗುತ್ತದೆ. ಒಣಹುಲ್ಲಿನ ಕಂಪಿಗೆ ಕಾರಣವಾದ ಕೂಮರಿನ್ ಹಸಿ ಎಲೆಯಲ್ಲಿ ಬಹುತೇಕ ಬೀಗ ಹಾಕಿಕೊಂಡಿರುತ್ತದೆ. ಗಿಡ ಕೂಮರಿನ್‌ನ ಪೂರ್ವರೂಪವಾದ ಒಂದು ಆಮ್ಲವನ್ನು ತಯಾರಿಸಿ, ಅದಕ್ಕೆ ಗ್ಲೂಕೋಸಿನ ಅಣುವೊಂದನ್ನು ಜೋಡಿಸಿ, ಜೀವಕೋಶದೊಳಗಿನ ನೀರುಚೀಲದಲ್ಲಿ ತುಂಬಿಡುತ್ತದೆ. ಸಕ್ಕರೆ ಅಂಟಿಕೊಂಡಿರುವವರೆಗೆ ಅಣು ನೀರಲ್ಲಿ ಕರಗಿಯೇ ಇರುತ್ತದೆ, ಹಾರುವುದಿಲ್ಲ, ಆದ್ದರಿಂದ ವಾಸನೆಯೂ ಇಲ್ಲ. ಸಕ್ಕರೆಯನ್ನು ಕತ್ತರಿಸುವ ಕಿಣ್ವ ಅದೇ ಎಲೆಯಲ್ಲಿ ಇನ್ನೊಂದು ಕಡೆ ಇರುತ್ತದೆ. ಎಲೆ ಜಜ್ಜಿದಾಗ, ಬಾಡಿದಾಗ, ಹಿಮಕ್ಕೆ ಸಿಕ್ಕಿದಾಗ ಗೋಡೆಗಳು ಒಡೆದು ಎರಡೂ ಕೂಡುತ್ತವೆ. ಸಕ್ಕರೆ ಕಳಚುತ್ತದೆ, ಉಳಿದ ಆಮ್ಲ ತನ್ನ ಬಾಲವನ್ನು ತಾನೇ ಕಚ್ಚಿ ಉಂಗುರವಾಗುತ್ತದೆ. ಆ ಉಂಗುರವೇ ಕೂಮರಿನ್. ಕಾಯಿಸಿ ಒಣಗಿಸುವ ಎರಡು ಮೂರು ದಿನಗಳಲ್ಲಿ ಇಡೀ ಬಯಲಿನಲ್ಲಿ ನಡೆಯುವುದು ಇದೇ ರಸಾಯನಕ್ರಿಯೆ.

ಶಿರಸಿ, ಪುತ್ತೂರು, ತೀರ್ಥಹಳ್ಳಿಗಳ ಕಡೆ ವೆನಿಲ್ಲಾ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 2000ದ ನಂತರದ ಕೆಲವು ವರ್ಷ ಹಸಿ ಕೋಡಿಗೆ ಸಾವಿರಗಟ್ಟಲೆ ಬೆಲೆ ಬಂದು, ತೋಟಕ್ಕೆ ರಾತ್ರಿ ಕಾವಲು ಹಾಕಿ, ಆಮೇಲೆ ಬೆಲೆ ನೆಲ ಕಚ್ಚಿದ ಕಥೆ ಅವರಿಗೆ ನೆನಪಿದೆ. ಆ ಕೋಡಿಗೂ ಬಳ್ಳಿಯಲ್ಲಿರುವಾಗ ಪರಿಮಳವಿಲ್ಲ. ಅಲ್ಲೂ ವೆನಿಲಿನ್ ಗ್ಲೂಕೋಸಿಗೆ ಅಂಟಿಕೊಂಡು ಕೂತಿರುತ್ತದೆ. ಕೋಡನ್ನು ಬಿಸಿನೀರಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಗಟ್ಟಲೆ ಬಿಸಿಲು ನೆರಳು ತೋರಿಸಿದ ಮೇಲೆ ಕಿಣ್ವ ಅದನ್ನು ಬಿಡಿಸಿಕೊಡುತ್ತದೆ. ಹುಲ್ಲು ಮತ್ತು ಆರ್ಕಿಡ್ ಎರಡೂ ದೂರದ ಕುಲಗಳು, ಉಪಾಯ ಮಾತ್ರ ಒಂದೇ. ಅಣುಗಳ ವಾಸನೆಯೂ ಎಷ್ಟು ಹತ್ತಿರವೆಂದರೆ, ಮೆಕ್ಸಿಕೊದಲ್ಲಿ ಅಗ್ಗದ ವೆನಿಲ್ಲಾ ಸಾರಕ್ಕೆ ಕೂಮರಿನ್ ಬೆರೆಸಿ ಮಾರುವ ಕಲಬೆರಕೆ ಬಹಳ ಕಾಲದಿಂದ ಕುಖ್ಯಾತ.

ಕೂಮರಿನ್ ಮೊದಲು ಪ್ರತ್ಯೇಕವಾಗಿ ಸಿಕ್ಕಿದ್ದು 1820ರಲ್ಲಿ, ದಕ್ಷಿಣ ಅಮೆರಿಕದ ಟೊಂಕಾ ಬೀಜದಿಂದ. ಮಾವ್ ಎಂಬ ಕೃತಕ ನೇರಳೆ ಬಣ್ಣ ಕಂಡುಹಿಡಿದು ಹೆಸರಾಗಿದ್ದ ವಿಲಿಯಂ ಪರ್ಕಿನ್ 1868ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದ. 1882ರಲ್ಲಿ ಪ್ಯಾರಿಸ್ಸಿನ ಊಬಿಗಾಂ ಸಂಸ್ಥೆ ಆ ಕೃತಕ ಕೂಮರಿನ್ ಹಾಕಿ ಫುಜೇರ್ ರೊಯಾಲ್ ಎಂಬ ಸುಗಂಧ ಹೊರತಂದಿತು. ಇಂದಿಗೂ ಗಂಡಸರ ಶೇವಿಂಗ್ ಲೋಷನ್ನುಗಳಲ್ಲಿ ಆ ಮನೆತನದ ವಾಸನೆ ಇದೆ. ಅಂದರೆ ಗದ್ದೆಯನ್ನೇ ಕಾಣದವರೂ ಈ ಹುಲ್ಲಿನ ಕಂಪನ್ನು ಬಲ್ಲರು.

ಅಡುಗೆಯಲ್ಲಿ ಇದನ್ನು ಬಳಸುವ ಬಗೆ ಸರಳ. ಎಲೆ ಮತ್ತು ಎಳೆಯ ತೆನೆಯನ್ನು ಕೊಯ್ದು, ಗಾಳಿಯಾಡುವ ನೆರಳಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸುವುದು. ಒಂದು ಚಿಟಿಕೆ ಬಿಸಿನೀರಿಗೆ ಹಾಕಿ ಸೋಸಿದರೆ ಚಹಾದಂಥ ಪಾನೀಯ. ಬಿಸಿ ಹಾಲಿಗೋ ಕೆನೆಗೋ ಹಾಕಿ ಮುಚ್ಚಿಟ್ಟು, ಆಮೇಲೆ ಸೋಸಿ ಆ ಹಾಲಿನಿಂದ ಕಸ್ಟರ್ಡ್, ಐಸ್‌ಕ್ರೀಮ್ ಮಾಡುತ್ತಾರೆ. ಕೂಮರಿನ್ ನೀರಿಗಿಂತ ಕೊಬ್ಬಿನಲ್ಲೂ ಮದ್ಯಸಾರದಲ್ಲೂ ಚೆನ್ನಾಗಿ ಕರಗುವುದರಿಂದ ಕೆನೆಗೆ ಪರಿಮಳ ಬೇಗ ಹತ್ತುತ್ತದೆ. ಹುಲ್ಲನ್ನು ನುಂಗುವುದು ಎಲ್ಲೂ ಇಲ್ಲ; ಪರಿಮಳ ಬಿಟ್ಟುಕೊಟ್ಟ ಮೇಲೆ ಅದು ಕಸ. ಫ್ರಾನ್ಸಿನಲ್ಲಿ ಹಂದಿಯ ತೊಡೆಮಾಂಸವನ್ನು ಒಣಹುಲ್ಲಿನ ಜೊತೆ ಬೇಯಿಸುವ ಹಳೆಯ ಪದ್ಧತಿಯೂ ಇದೆ. ಬ್ರಿಟನ್ನಿನಲ್ಲಿ ಯುದ್ಧಕಾಲದ ಇಂಧನ ಕೊರತೆಯಲ್ಲಿ ಕುದಿಯುವ ಪಾತ್ರೆಯನ್ನು ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಒಲೆ ಆರಿಸಿ, ಉಳಿದ ಶಾಖದಲ್ಲೇ ಗಂಟೆಗಟ್ಟಲೆ ಬೇಯಿಸುತ್ತಿದ್ದರು. ಅಲ್ಲಿ ಹುಲ್ಲಿಗೆ ಸಂಬಾರದ ಕೆಲಸವಿಲ್ಲ, ಕಂಬಳಿಯ ಕೆಲಸ.

ಇದರ ಹತ್ತಿರದ ಸಂಬಂಧಿ ಇನ್ನೂ ಪ್ರಸಿದ್ಧ. ಪೋಲೆಂಡಿನ ಜುಬ್ರುಫ್ಕಾ ವೋಡ್ಕಾದ ಬಾಟಲಿಯೊಳಗೆ ಉದ್ದನೆಯ ಒಂದು ಹುಲ್ಲುಕಡ್ಡಿ ನಿಂತಿರುತ್ತದಲ್ಲ, ಅದು ಬಿಯಾವೊವಿಯೆಜಾ ಕಾಡಿನ ಬೈಸನ್ ಹುಲ್ಲು. ಕೆಲವು ಸಸ್ಯಶಾಸ್ತ್ರಜ್ಞರು ಅದನ್ನು ವರ್ನಲ್ ಹುಲ್ಲಿನ ಕುಲಕ್ಕೇ ಸೇರಿಸಿದ್ದಾರೆ. ಅಲ್ಲಿನವರು ಆ ವೋಡ್ಕಾಕ್ಕೆ ಸೇಬಿನ ರಸ ಬೆರೆಸಿ ಕುಡಿಯುತ್ತಾರೆ. ಅದೇ ಹುಲ್ಲನ್ನು ಉತ್ತರ ಅಮೆರಿಕದ ಮೂಲನಿವಾಸಿಗಳು ಜಡೆ ಹೆಣೆದು ಧೂಪವಾಗಿ ಉರಿಸುತ್ತಾರೆ. ಜರ್ಮನಿಯವರು ಮೇ ತಿಂಗಳಲ್ಲಿ ವುಡ್‌ರಫ್ ಎಂಬ ಕಾಡುಸೊಪ್ಪನ್ನು ಬಿಳಿ ವೈನಿನಲ್ಲಿ ನೆನೆಸುತ್ತಾರೆ. ಅದರ ಪರಿಮಳವೂ ಕೂಮರಿನ್. ಸೊಪ್ಪನ್ನು ಹಸಿಯಾಗಿ ಹಾಕಬಾರದು, ಒಂದಷ್ಟು ಹೊತ್ತು ಬಾಡಿಸಬೇಕು, ವೈನಿನಲ್ಲಿ ಬಹಳ ಹೊತ್ತು ಬಿಡಲೂಬಾರದು ಎಂದು ಅಲ್ಲಿನ ಮನೆಗಳಲ್ಲಿ ಹೇಳುತ್ತಾರೆ. ಕಿಣ್ವದ ವಿಚಾರ ಗೊತ್ತಾಗುವ ಎಷ್ಟೋ ಮೊದಲಿನ ಜಾಣತನ ಇದು. ಬಹಳ ಹೊತ್ತು ಬಿಡಬಾರದು ಎಂಬ ಎರಡನೆಯ ಮಾತಿಗೂ ಕಾರಣವಿದೆ.

ಕಾರಣವನ್ನು ಹಸುವಿನಿಂದಲೇ ಆರಂಭಿಸಬಹುದು. ಇಷ್ಟು ಕಂಪಿನ ಹುಲ್ಲನ್ನು ಹಸುಗಳು ಅಷ್ಟಾಗಿ ಇಷ್ಟಪಡುವುದಿಲ್ಲ. ಕೂಮರಿನ್ ನಾಲಿಗೆಗೆ ಕಹಿ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ರೈತರು ಹುಲ್ಲುಬೀಜದ ಮಿಶ್ರಣಕ್ಕೆ ಇದನ್ನು ಸ್ವಲ್ಪವೇ ಸೇರಿಸುತ್ತಿದ್ದುದು ಮೇವಿಗಾಗಿ ಅಲ್ಲ, ಬಣವೆ ಘಮಘಮಿಸಲಿ ಎಂದು. ಕೊಳ್ಳುವವನ ಮೂಗಿಗಾಗಿ ಮಾಡಿದ ವ್ಯಾಪಾರ ಎನ್ನಿ. ಚೆನ್ನಾಗಿ ಒಣಗಿದ್ದರೆ ಹಸುವಿಗೆ ಅಪಾಯವೇನೂ ಇಲ್ಲ. ಒಣಗುವ ಮೊದಲೇ ಮಳೆ ಬಂದು, ಒದ್ದೆ ಹುಲ್ಲನ್ನೇ ಒಟ್ಟಿ, ಅದಕ್ಕೆ ಬೂಷ್ಟು ಹಿಡಿದರೆ ಮಾತ್ರ ಕಥೆ ಬೇರೆಯಾಗುತ್ತದೆ.

1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ದನಗಳು ರಕ್ತ ಸೋರಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ, ಬೀಜ ಒಡೆದರೆ ರಕ್ತ ನಿಲ್ಲದು. ಕೆಲವು ಗಾಯವೇ ಇಲ್ಲದೆ ಒಳಗೊಳಗೇ ರಕ್ತ ಸುರಿದು ಬಿದ್ದವು. ಒಂಟಾರಿಯೊದ ಪಶುವೈದ್ಯ ಫ್ರ್ಯಾಂಕ್ ಸ್ಕೋಫೀಲ್ಡ್ ಇದರ ಜಾಡು ಹಿಡಿದ. ಸತ್ತ ದನಗಳೆಲ್ಲ ಸ್ವೀಟ್ ಕ್ಲೋವರ್ ಎಂಬ ಮೇವಿನ ಒಣಹುಲ್ಲು ತಿಂದಿದ್ದವು. ಕ್ಲೋವರ್ ಹುಲ್ಲಿನ ಜಾತಿಯಲ್ಲ, ಹುರುಳಿ ಅವರೆಗಳ ಬಳಗದ್ದು, ಆದರೆ ಅದರಲ್ಲೂ ತುಂಬಿರುವುದು ಕೂಮರಿನ್. ಒಂದೇ ರಾಶಿಯಿಂದ ಒಳ್ಳೆಯ ಕಡ್ಡಿಗಳನ್ನೂ ಬೂಷ್ಟು ಹಿಡಿದ ಕಡ್ಡಿಗಳನ್ನೂ ಬೇರೆ ಮಾಡಿ ಮೊಲಗಳಿಗೆ ತಿನ್ನಿಸಿ ನೋಡಿದ. ಒಳ್ಳೆಯದನ್ನು ತಿಂದದ್ದಕ್ಕೆ ಏನೂ ಆಗಲಿಲ್ಲ, ಬೂಷ್ಟಿನದನ್ನು ತಿಂದದ್ದು ರಕ್ತಸ್ರಾವದಿಂದ ಸತ್ತಿತು.

1933ರ ಫೆಬ್ರುವರಿಯಲ್ಲಿ, ಹಿಮಬಿರುಗಾಳಿಯ ನಡುವೆ, ವಿಸ್ಕಾನ್ಸಿನ್ ರಾಜ್ಯದ ಎಡ್ ಕಾರ್ಲ್‌ಸನ್ ಎಂಬ ರೈತ ತನ್ನ ಟ್ರಕ್ಕಿನಲ್ಲಿ ಸುಮಾರು 300 ಕಿಲೋಮೀಟರ್ ದೂರದ ಮ್ಯಾಡಿಸನ್‌ಗೆ ಬಂದ. ಜೊತೆಗೆ ಸತ್ತ ಕಡಸು, ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ, ಒಂದಷ್ಟು ಕೆಟ್ಟ ಕ್ಲೋವರ್. ಪಶುವೈದ್ಯಾಧಿಕಾರಿಯ ಕಚೇರಿ ಮುಚ್ಚಿತ್ತು. ತೆರೆದಿದ್ದ ಬಾಗಿಲು ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರದು. ಆ ರೈತನಿಗೆ ಅವತ್ತು ಅವರಿಂದ ಏನೂ ಸಹಾಯವಾಗಲಿಲ್ಲ. ಮೇವು ಬದಲಿಸು ಎನ್ನುವುದಷ್ಟೇ ಆಗಿನ ಔಷಧಿ, ಅವನ ಬಳಿ ಬೇರೆ ಮೇವಿರಲಿಲ್ಲ. ಆದರೆ ಲಿಂಕ್ ತಂಡ ಆ ಸಮಸ್ಯೆಯನ್ನು ಬಿಡಲಿಲ್ಲ. 1939ರಲ್ಲಿ ವಿಷದ ಹರಳು ಕೈಗೆ ಸಿಕ್ಕಿತು. ಬೂಷ್ಟು ಕೂಮರಿನ್‌ನ ರೂಪ ಬದಲಿಸಿ, ಅಂಥ ಎರಡೆರಡು ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಡೈಕುಮರಾಲ್ ಆಗಿಬಿಟ್ಟಿದ್ದವು.

ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳನ್ನು ಯಕೃತ್ತು ಸಿದ್ಧಪಡಿಸಲು ವಿಟಮಿನ್ ಕೆ ಬೇಕು. ದೇಹದಲ್ಲಿ ಅದರ ದಾಸ್ತಾನು ಕಡಿಮೆ. ಹಾಗಾಗಿ ಒಮ್ಮೆ ಬಳಸಿದ ವಿಟಮಿನ್ನನ್ನು ಒಂದು ಕಿಣ್ವ ಮತ್ತೆ ಮೊದಲಿನ ರೂಪಕ್ಕೆ ತಂದು ಕೆಲಸಕ್ಕೆ ಹಚ್ಚುತ್ತದೆ. ಡೈಕುಮರಾಲ್ ಆ ಕಿಣ್ವದ ಕೈ ಕಟ್ಟುತ್ತದೆ. ದಾಸ್ತಾನು ಮುಗಿಯುತ್ತ ಬಂದ ಹಾಗೆ, ಕೆಲವು ದಿನಗಳಲ್ಲಿ, ರಕ್ತ ಹೆಪ್ಪುಗಟ್ಟುವುದನ್ನು ಮರೆಯುತ್ತದೆ. ಒಂದು ಮಾತು ಸ್ಪಷ್ಟವಾಗಿರಲಿ, ಏಕೆಂದರೆ ಗೊಂದಲ ಬಹಳ: ರಕ್ತ ತೆಳುಮಾಡುವುದು ಡೈಕುಮರಾಲ್, ಹುಲ್ಲಿನ ಕೂಮರಿನ್ ಅಲ್ಲ.

ಲಿಂಕ್ ತಂಡ ಡೈಕುಮರಾಲನ್ನು ತಿದ್ದಿ ತೀಡಿ ಮಾಡಿದ ಒಂದು ಅಣು 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. ಅದು ವಾರ್ಫರಿನ್. 1954ರಲ್ಲಿ ಅದೇ ಮನುಷ್ಯರ ಔಷಧಿಯೂ ಆಯಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಅದನ್ನು ಕೊಟ್ಟರು. ಇಂದು ನಮ್ಮ ಊರುಗಳಲ್ಲಿ ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು ನುಂಗುವ ವಾರ್ಫರಿನ್, ಅಸೆನೊಕೊಮರಾಲ್ ಮಾತ್ರೆಗಳು ಈ ಬೂಷ್ಟು ಹುಲ್ಲಿನ ಮೊಮ್ಮಕ್ಕಳು. ಆಗಾಗ ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಿ, ಸೊಪ್ಪುಸದೆಯನ್ನು ಒಂದು ದಿನ ರಾಶಿ, ಒಂದು ದಿನ ಇಲ್ಲ ಎಂಬಂತೆ ತಿನ್ನಬೇಡಿ ಎಂದು ವೈದ್ಯರು ಹೇಳುವುದೂ ಇದಕ್ಕೇ: ಸೊಪ್ಪಿನಲ್ಲಿ ವಿಟಮಿನ್ ಕೆ ಹೇರಳ.

ಈ ಅಪಾಯ ಕ್ಲೋವರಿಗಷ್ಟೇ ಮೀಸಲಲ್ಲ. ವರ್ನಲ್ ಹುಲ್ಲು ಹೆಚ್ಚಾಗಿದ್ದ, ಡೈಕುಮರಾಲ್ ಹುಟ್ಟಿದ್ದ ಒಣಮೇವು ತಿಂದ ದನಗಳಲ್ಲಿ ಇದೇ ರಕ್ತಸ್ರಾವ ಕಂಡದ್ದು ಬ್ರಿಟನ್ನಿನ ಪಶುವೈದ್ಯ ಪತ್ರಿಕೆಯಲ್ಲಿ 1983ರಲ್ಲಿ ದಾಖಲಾಗಿದೆ. ಆದ್ದರಿಂದ ಅಡುಗೆಗೆ ತೆಗೆದಿಟ್ಟ ಹುಲ್ಲಿನಲ್ಲಿ ಮುಗ್ಗಲು ವಾಸನೆ ಬಂದರೆ ಆ ಇಡೀ ಕಂತೆ ತಿಪ್ಪೆಗೆ. ಮೇಲಿನದು ತೆಗೆದು ಕೆಳಗಿನದು ಬಳಸುವ ಉಳಿತಾಯ ಇಲ್ಲಿ ಬೇಡ.

ಇನ್ನು ಕೂಮರಿನ್‌ನ ಸ್ವಂತ ತಂಟೆ. ಇಲಿಗಳಿಗೆ ಹೆಚ್ಚು ಹಾಕಿದಾಗ ಯಕೃತ್ತು ಕೆಟ್ಟಿತೆಂದು ಅಮೆರಿಕ 1954ರಲ್ಲೇ ಅದನ್ನು ಆಹಾರಕ್ಕೆ ಸೇರಿಸುವುದನ್ನು ನಿಷೇಧಿಸಿತು. ಹುಲ್ಲುಕಡ್ಡಿಯ ವೋಡ್ಕಾಕ್ಕೂ ಅಲ್ಲಿ ಬಹಳ ಕಾಲ ಪ್ರವೇಶವಿರಲಿಲ್ಲ. ಮನುಷ್ಯರ ದೇಹ ಕೂಮರಿನ್ನನ್ನು ಇಲಿಗಿಂತ ಬೇರೆ ದಾರಿಯಲ್ಲಿ, ಹೆಚ್ಚು ಸುರಕ್ಷಿತವಾಗಿ ಕರಗಿಸುತ್ತದೆ ಎಂಬುದು ಆಮೇಲೆ ತಿಳಿಯಿತು. ಆದರೂ ಕೆಲವರ ಯಕೃತ್ತು ಅದಕ್ಕೆ ಬೇಗ ಬಗ್ಗುತ್ತದೆ. ಹಾಗಾಗಿ ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ ದೇಹತೂಕದ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ ಎಂಬ ಗೆರೆ ಎಳೆದಿದೆ. ಅರವತ್ತು ಕಿಲೋದವರಿಗೆ 6 ಮಿಲಿಗ್ರಾಂ.

ಭಾರತದಲ್ಲೂ ಕೂಮರಿನ್ ಮತ್ತು ಟೊಂಕಾ ಬೀಜವನ್ನು ಸುವಾಸನೆಗಾಗಿ ಆಹಾರಕ್ಕೆ ಸೇರಿಸುವಂತಿಲ್ಲ. ಆದರೆ ಅದು ಅಂಗಡಿಯಿಂದ ನೇರವಾಗಿ ನಮ್ಮ ಡಬ್ಬಿಗೆ ಬರುವ ದಾರಿಯೊಂದಿದೆ. ಚಕ್ಕೆ ಎಂದು ಕೊಡುವ ದಪ್ಪ, ಗಡುಸಾದ ತೊಗಟೆ ಹೆಚ್ಚಾಗಿ ಕ್ಯಾಸಿಯಾ ಮರದ್ದು. ಅದರಲ್ಲಿ ಕೂಮರಿನ್ ಧಾರಾಳ. ಹಾಳೆಗಳನ್ನು ಸುರುಳಿ ಸುತ್ತಿದಂತಿರುವ ಸಿಂಹಳದ ದಾಲ್ಚಿನ್ನಿಯಲ್ಲಿ ಅದು ಇದ್ದೂ ಇಲ್ಲದಷ್ಟು. ಬಿಸಿಬೇಳೆ ಬಾತಿನ ಪುಡಿಗೆ ಹಾಕುವ ಎರಡು ತುಂಡು ಚಕ್ಕೆಗೆ ಹೆದರಬೇಕಿಲ್ಲ. ಆದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ವಾಟ್ಸಾಪ್ ನಂಬಿ ದಿನವೂ ಚಮಚಗಟ್ಟಲೆ ಚಕ್ಕೆಪುಡಿ ನುಂಗುವವರು ಆ 6 ಮಿಲಿಗ್ರಾಂ ಗೆರೆಯನ್ನು ಸುಲಭವಾಗಿ ದಾಟುತ್ತಾರೆ. ಡೆನ್ಮಾರ್ಕಿನಲ್ಲಿ 2013ರಲ್ಲಿ ಇಂಥದೇ ಇನ್ನೊಂದು ಗೆರೆ ದೊಡ್ಡ ಜಗಳವಾಯಿತು. ನಿತ್ಯದ ಬೇಕರಿ ತಿನಿಸಿಗೆ ಕಿಲೋಗೆ 15 ಮಿಲಿಗ್ರಾಂ, ಸಾಂಪ್ರದಾಯಿಕ ಅಥವಾ ಹಬ್ಬದ ತಿನಿಸಿಗೆ 50 ಎಂಬುದು ಯುರೋಪಿನ ನಿಯಮ. ಅವರ ದಾಲ್ಚಿನ್ನಿ ಸುರುಳಿ ಬನ್ನು ಸಾಂಪ್ರದಾಯಿಕವೋ ಅಲ್ಲವೋ ಎಂದು ಬೇಕರಿಯವರೂ ಸರ್ಕಾರವೂ ವಾದಕ್ಕಿಳಿದರು.

ಈ ಕಂಪನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸಿದ್ದು ಅದೇ ಮೊದಲಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಲ್ಲು ಕೊಯ್ಲಿನ ಕಾಲಕ್ಕೆ ಬರುವ ಸೀನು, ಕಣ್ಣುರಿಗೆ ಒಣಹುಲ್ಲಿನ ವಾಸನೆಯೇ ಕಾರಣ ಎಂದು ಅನೇಕ ವೈದ್ಯರು ನಂಬಿದ್ದರು. ಸ್ವತಃ ಆ ಕಾಯಿಲೆಯಿಂದ ನರಳುತ್ತಿದ್ದ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ಕೂಮರಿನ್ ಮೂಸಿ ನೋಡಿದ, ಏನೂ ಆಗಲಿಲ್ಲ. ಹುಲ್ಲಿನ ಪರಾಗವನ್ನು ಮೂಗಿಗೆ ತಾಗಿಸಿಕೊಂಡ, ಸೀನು ಶುರುವಾಯಿತು. 1873ರಲ್ಲಿ ಅವನ ಪುಸ್ತಕ ಬಂತು, ವಾಸನೆ ಖುಲಾಸೆಯಾಯಿತು. ಮೊದಲೇ ಹೂ ಬಿಡುವ ವರ್ನಲ್ ಹುಲ್ಲಿನ ಪರಾಗ ಮಾತ್ರ ಇಂದಿಗೂ ಆರೋಪಿಗಳ ಪಟ್ಟಿಯಲ್ಲಿದೆ. ಅಂಥ ತೊಂದರೆ ಇರುವವರು ತೆನೆ ಬಿಡುವ ಮುನ್ನ ಎಲೆ ಮಾತ್ರ ಕೊಯ್ಯುವುದು ಲೇಸು.

ಕೊಯ್ಯುವುದು ಎಲ್ಲಿ ಎಂಬುದನ್ನೂ ನೋಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಹೂಹುಲ್ಲುಗಾವಲುಗಳಲ್ಲಿ ನೂರಕ್ಕೆ 97ರಷ್ಟು 1930ರ ದಶಕದಿಂದೀಚೆಗೆ ಉಳುಮೆಗೂ ರಸಗೊಬ್ಬರಕ್ಕೂ ಹೋಗಿವೆ. ನಮ್ಮ ನೆರೆಯ ನೀಲಗಿರಿಯ ಮೇಲೆ ಬ್ರಿಟಿಷರ ಕಾಲದಲ್ಲಿ ಬಂದ ವರ್ನಲ್ ಹುಲ್ಲು ಬೇರು ಬಿಟ್ಟಿದೆ, ಅಲ್ಲಿ ಅದು ಶೋಲಾ ಬಯಲಿನ ನಾಡಹುಲ್ಲುಗಳ ಜಾಗಕ್ಕೆ ಬಂದ ಪರಕೀಯ. ಇನ್ನು ಉತ್ತರ ವೇಲ್ಸ್‌ನ ಟ್ರೆಲೋಗನ್ ಎಂಬಲ್ಲಿ ಪಾಳುಬಿದ್ದ ಸತು ಮತ್ತು ಸೀಸದ ಗಣಿಯ ಕಸದ ಗುಡ್ಡೆಯಿದೆ. ಬೇರೆ ಗಿಡ ಸಾಯುವ ಆ ಮಣ್ಣಿನಲ್ಲಿ ವರ್ನಲ್ ಹುಲ್ಲು ಬದುಕುತ್ತದೆ. 1960ರ ದಶಕದಲ್ಲಿ ಜಾನಿಸ್ ಆಂಟೊನೊವಿಕ್ಸ್ ಮತ್ತು ಸಂಗಡಿಗರು ಅಳೆದಾಗ, ಗಣಿಯ ಮೇಲಿನ ಹುಲ್ಲು ಲೋಹ ತಾಳುವ ತಳಿಯಾಗಿ ಬೇರ್ಪಟ್ಟಿತ್ತು. ಕೆಲವೇ ಮೀಟರ್ ಆಚೆಯ ಹುಲ್ಲುಗಾವಲಿನದು ತಾಳುವುದಿಲ್ಲ. ಗಾಳಿಯಲ್ಲಿ ಪರಾಗ ಎರಡರ ನಡುವೆ ಹಾರಾಡುತ್ತಲೇ ಇದ್ದರೂ ಹೀಗೆ. ಅದಕ್ಕೊಂದು ಕಾರಣ, ಗಣಿಯ ಹುಲ್ಲು ಪಕ್ಕದ ಹುಲ್ಲಿಗಿಂತ ಮೊದಲೇ ಹೂ ಬಿಡುತ್ತದೆ, ಆದ್ದರಿಂದ ಅವುಗಳ ನಡುವೆ ಸಂಕರ ಕಡಿಮೆ. ನಲವತ್ತು ವರ್ಷ ಕಳೆದ ಮೇಲೆ ಅದೇ ಗಣಿಗೆ ಮರಳಿ ಹೋಗಿ ಅಳೆದಾಗಲೂ ಆ ಅಂತರ ಹಾಗೇ ಇತ್ತು ಎಂದು ಆಂಟೊನೊವಿಕ್ಸ್ 2006ರಲ್ಲಿ ಬರೆದರು. ನೋಡಲು ಎರಡೂ ಒಂದೇ ಹುಲ್ಲು, ಒಣಗಿಸಿದರೆ ಎರಡಕ್ಕೂ ಅದೇ ಕಂಪು. ಚಹಾಕ್ಕೆಂದು ಕೊಯ್ಯುವವರು ಗುಡ್ಡೆಯ ಇತಿಹಾಸವನ್ನು ಊರವರಲ್ಲೇ ಕೇಳಿ ತಿಳಿಯಬೇಕು.